‘ಪೇಪರಿನಲ್ಲಿ ಬಂದಿತ್ತು’ ಎಂದರೆ ಸಾಕೇ?

ಪ್ರಶ್ನೆ: ನಾನು ಕಾರ್ಕಳ ತಾಲ್ಲೂಕಿನವಳು, ಇತಿಹಾಸದಲ್ಲಿ ಎಂ.ಎ. ಮಾಡುತ್ತಿದ್ದೇನೆ. 1970ರ ದಶಕದಲ್ಲಿ ನಮ್ಮ ಊರು ಹೇಗಿತ್ತು ಎಂಬ ಬಗ್ಗೆ ಕಿರುಪ್ರಬಂಧ ಬರೆಯಬೇಕಾಗಿದೆ. ಯಾವ ವಿಷಯ ಎತ್ತಿದರೂ ನಮ್ಮ ಅಪ್ಪ ‘ಅದು ಆಗ ಪೇಪರಿನಲ್ಲಿ ಬಂದಿತ್ತು’ ಎಂದು ಮಾತು ಮುಗಿಸುತ್ತಾರೆ. ನನ್ನ ಗೈಡ್ ಹೇಳುವುದೇ ಬೇರೆ: ‘ಪತ್ರಿಕೆಗಳೆಲ್ಲ ಒಂದಲ್ಲ ಒಂದು ರಾಜಕೀಯದ ಕಡೆಯವು, ಅವನ್ನು ನಂಬಿ ಇತಿಹಾಸ ಬರೆಯಬೇಡ.’ ಪತ್ರಿಕೆ ಬಿಟ್ಟರೆ ಆ ಕಾಲದ ಬಗ್ಗೆ ನನ್ನ ಕೈಗೆ ಬೇರೇನೂ ಸಿಗುತ್ತಿಲ್ಲ. ಏನು ಮಾಡಲಿ ಸರ್?

ಉತ್ತರ: ನಿಮ್ಮ ಗೈಡ್ ಹೇಳಿದ್ದರಲ್ಲಿ ಮೊದಲ ಭಾಗ ಸರಿ. ಪತ್ರಿಕೆಗೆ ಒಡೆಯರಿರುತ್ತಾರೆ, ಒಡೆಯರಿಗೆ ನಂಟುಗಳಿರುತ್ತವೆ, ಸಂಪಾದಕರಿಗೆ ಒಲವುಗಳಿರುತ್ತವೆ, ಸರ್ಕಾರಿ ಜಾಹೀರಾತು ನಿಂತರೆ ತಿಂಗಳ ಕೊನೆಗೆ ಸಂಬಳ ಕೊಡುವುದೇ ಕಷ್ಟವಾಗುತ್ತದೆ. ಆದರೆ ಅಷ್ಟಕ್ಕೆ ಪತ್ರಿಕೆಯನ್ನೇ ಬದಿಗಿಡಬೇಕು ಎಂಬುದನ್ನು ನಾನು ಒಪ್ಪುವುದಿಲ್ಲ. ಸಾಕ್ಷಿಗೂ ಆರೋಪಿಗೂ ಪರಿಚಯ ಉಂಟು ಎಂದ ಮಾತ್ರಕ್ಕೆ ಕೋರ್ಟಿನಲ್ಲಿ ಸಾಕ್ಷಿಯನ್ನು ಮನೆಗೆ ಕಳಿಸುವುದಿಲ್ಲ. ನೀನು ಎಲ್ಲಿ ನಿಂತಿದ್ದೆ, ಎಷ್ಟು ದೂರದಿಂದ ನೋಡಿದೆ, ಇವರು ನಿನಗೇನಾಗಬೇಕು ಎಂದೆಲ್ಲ ಕೇಳಿ, ಆಮೇಲೆ ಹೇಳಿಕೆಯನ್ನು ತೂಗುತ್ತಾರೆ. ಹಳೆಯ ಪತ್ರಿಕೆಯನ್ನೂ ಹೀಗೇ ವಿಚಾರಿಸಬೇಕು. ನಿಮ್ಮ ತಂದೆಯವರ ಮಾತಿಗೂ ಇದೇ ಉತ್ತರ. ಪೇಪರಿನಲ್ಲಿ ಬಂದಿತ್ತು ಎಂದರೆ ಆ ದಿನ ಆ ಊರಿನಲ್ಲಿ ಅದನ್ನು ಅಚ್ಚು ಹಾಕಲು ಸಾಧ್ಯವಿತ್ತು ಎಂಬುದಷ್ಟೇ ಖಚಿತ. ಏನನ್ನು ಅಚ್ಚು ಹಾಕಲು ಸಾಧ್ಯವಿರಲಿಲ್ಲ, ಯಾರ ಮನೆಗೆ ವರದಿಗಾರ ಹೋಗಲೇ ಇಲ್ಲ ಎಂಬುದನ್ನು ಹುಡುಕುವ ಕೆಲಸ ನಿಮ್ಮದು.

ಮಂಗಳೂರಿನವರಿಗೆ ಈ ಪ್ರಶ್ನೆ ಮನೆಯ ಪ್ರಶ್ನೆಯೇ. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಹೊರಟದ್ದು ಇಲ್ಲಿಂದ, 1843ರ ಜುಲೈ 1ರಂದು. ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ ಅದರ ಸಂಪಾದಕರು. ಕಲ್ಲಚ್ಚಿನಲ್ಲಿ ಅಚ್ಚಾಗಿ ಹದಿನೈದು ದಿನಕ್ಕೊಮ್ಮೆ ಬರುತ್ತಿತ್ತು. ಪ್ರತಿವರ್ಷ ಜುಲೈ 1ರಂದು ಪತ್ರಿಕಾ ದಿನ ಆಚರಿಸುವುದು ಇದೇ ಕಾರಣಕ್ಕೆ. ಭಾಷಣಗಳಲ್ಲಿ ಮೋಗ್ಲಿಂಗರ ಹೆಸರು ತಪ್ಪದೆ ಬರುತ್ತದೆ. ಅಂಥ ಪತ್ರಿಕೆ ಆ ವರ್ಷ ಹೊರಡಲು ಹೇಗೆ ಸಾಧ್ಯವಾಯಿತು ಎಂಬುದನ್ನು ಮಾತ್ರ ಹೆಚ್ಚಿನವರು ಕೇಳುವುದಿಲ್ಲ. ಕಲ್ಕತ್ತೆಯಲ್ಲಿ 1780ರಲ್ಲಿ ಹಿಕ್ಕಿ ಹೊರಡಿಸಿದ ದೇಶದ ಮೊದಲ ಪತ್ರಿಕೆ ಗವರ್ನರ್ ಜನರಲ್ ಹೇಸ್ಟಿಂಗ್ಸನನ್ನು ಎದುರು ಹಾಕಿಕೊಂಡು ಎರಡೇ ವರ್ಷದಲ್ಲಿ ನಿಂತುಹೋಯಿತು. 1823ರಲ್ಲಿ ಕಂಪನಿ ಸರ್ಕಾರ ಪತ್ರಿಕೆಗಳಿಗೆ ಪರವಾನಗಿ ಕಡ್ಡಾಯ ಮಾಡಿದಾಗ ರಾಜಾ ರಾಮಮೋಹನ ರಾಯರು ಪ್ರತಿಭಟಿಸಿ ತಮ್ಮ ಪಾರಸಿ ಪತ್ರಿಕೆಯನ್ನೇ ನಿಲ್ಲಿಸಿದರು. 1835ರಲ್ಲಿ ಹಂಗಾಮಿ ಗವರ್ನರ್ ಜನರಲ್ ಮೆಟ್ಕಾಫ್ ಆ ಕಟ್ಟುಗಳನ್ನು ಸಡಿಲಿಸಿದ. 1857ರ ದಂಗೆಯ ಹೊತ್ತಿಗೆ ಮತ್ತೆ ಬಿಗಿ ಬಂತು. ನಡುವಿನ ಆ ಇಪ್ಪತ್ತೆರಡು ವರ್ಷಗಳ ಬಿಡುವಿನಲ್ಲಿ ಬಲ್ಮಠದ ಅಚ್ಚುಕೂಟದಿಂದ ಕನ್ನಡದ ಮೊದಲ ಪತ್ರಿಕೆ ಹೊರಬಂತು. ಮೋಗ್ಲಿಂಗರ ಶ್ರದ್ಧೆ ದೊಡ್ಡದು, ಅದಕ್ಕೆ ದಾರಿ ಬಿಟ್ಟುಕೊಟ್ಟದ್ದು ಮಾತ್ರ ಕಲ್ಕತ್ತೆಯ ರಾಜಕೀಯ.

ಆ ಮೊದಲ ಸಂಚಿಕೆಯಲ್ಲಿ ಮೋಗ್ಲಿಂಗರು ಪತ್ರಿಕೆ ಯಾಕೆ ಎಂದು ಬರೆದ ಕಾರಣ ನನಗೆ ಇವತ್ತಿಗೂ ತುಂಬ ಇಷ್ಟ. ಕೆಲಸವಿಲ್ಲದವರು ಕಟ್ಟೆಯ ಬಳಿ ಕೂತು ಸುದ್ದಿ ಹುಟ್ಟಿಸುತ್ತಾರೆ, ಸಂಜೆಯೊಳಗೆ ಅದು ಊರೆಲ್ಲ ಹರಡುತ್ತದೆ, ಮರುದಿನ ನೋಡಿದರೆ ಸುಳ್ಳು. ಜನ ಹೀಗೆ ಮೋಸಹೋಗಬಾರದು ಎಂಬುದು ಅವರ ಆಶಯ. ಅಂದರೆ ಕನ್ನಡ ಪತ್ರಿಕೋದ್ಯಮ ಗಾಳಿಸುದ್ದಿಗೆ ಔಷಧಿಯಾಗಿಯೇ ಹುಟ್ಟಿದೆ. ಊರ ವರ್ತಮಾನ, ಬೇರೆ ದೇಶಗಳ ವರ್ತಮಾನ, ಸರ್ಕಾರದ ನಿರೂಪಗಳು, ಪುರಂದರದಾಸರ ಪದ ಎಲ್ಲವೂ ಅದರಲ್ಲಿ ಬರುತ್ತಿದ್ದವು. ಮರುವರ್ಷ ಪತ್ರಿಕೆ ಬಳ್ಳಾರಿಗೆ ಹೋಗಿ ‘ಕನ್ನಡ ಸಮಾಚಾರ’ ಎನಿಸಿಕೊಂಡಿತು, ಹೆಚ್ಚು ಕಾಲ ನಡೆಯಲಿಲ್ಲ.

ಈಗ ಇನ್ನೊಂದು ಕಡೆಯಿಂದ ನೋಡಿ. ಮಂಗಳೂರ ಸಮಾಚಾರ ಹುಟ್ಟುವುದಕ್ಕೆ ಆರು ವರ್ಷ ಮೊದಲು, 1837ರ ಏಪ್ರಿಲ್ ತಿಂಗಳಲ್ಲಿ, ಸುಳ್ಯ ಪುತ್ತೂರಿನ ಕಡೆಯಿಂದ ಹೊರಟ ರೈತರ ದಂಡು ಮಂಗಳೂರನ್ನೇ ಹಿಡಿದು ಸುಮಾರು ಎರಡು ವಾರ ಇಟ್ಟುಕೊಂಡಿತ್ತು. ದಂಡಿನ ಮುಂದಾಳಿನ ಹೆಸರು ಹಿಡಿದು ನಮ್ಮವರು ‘ಕಲ್ಯಾಣಪ್ಪನ ಕಾಟಕಾಯಿ’ ಎನ್ನುವುದು ಇದಕ್ಕೆ. 1834ರಲ್ಲಿ ಕೊಡಗನ್ನು ನುಂಗಿದ ಕಂಪನಿ, ಕೊಡಗಿನ ಕೈಯಲ್ಲಿದ್ದ ಅಮರ ಸುಳ್ಯ ಮತ್ತು ಪುತ್ತೂರು ಸೀಮೆಗಳನ್ನು ಕೆನರಾ ಜಿಲ್ಲೆಗೆ ಸೇರಿಸಿ, ಧಾನ್ಯರೂಪದಲ್ಲಿ ಕೊಡುತ್ತಿದ್ದ ಕಂದಾಯವನ್ನು ನಗದಿನಲ್ಲೇ ಕೊಡಬೇಕೆಂದದ್ದು ಸಿಟ್ಟಿನ ಒಂದು ಮೂಲ. ಹಲವರನ್ನು ಗಲ್ಲಿಗೇರಿಸಿದರು. ಮಂಗಳೂರಿನ ಬಿಕರ್ನಕಟ್ಟೆಯ ಹೆಸರು ಕೇಳಿದರೆ ಹಳಬರಿಗೆ ಇವತ್ತಿಗೂ ಅದೇ ನೆನಪು. ಆಗ ಇಲ್ಲಿ ಒಂದೂ ಪತ್ರಿಕೆ ಇರಲಿಲ್ಲ. ಹಾಗಾಗಿ ಆ ದಿನಗಳ ಬಗ್ಗೆ ಉಳಿದ ಲಿಖಿತ ದಾಖಲೆಯಲ್ಲಿ ಬಹುಪಾಲು ಕಂಪನಿ ಅಧಿಕಾರಿಗಳ ಪತ್ರವ್ಯವಹಾರ. ಊರು ಹಿಡಿದವರು ಯಾಕೆ ಹಿಡಿದರು ಎಂಬುದನ್ನು ಅವರ ಬಾಯಿಂದ ಕೇಳುವ ದಾರಿ ನಮಗೆ ಹೆಚ್ಚುಕಡಿಮೆ ಮುಚ್ಚಿದೆ. ಕಂಪನಿಯ ಕಡತದಲ್ಲಿ ಬಂಡುಕೋರರಾಗಿದ್ದವರಲ್ಲಿ ಒಬ್ಬರಾದ ಕೆದಂಬಾಡಿ ರಾಮಯ್ಯ ಗೌಡರ ಕಂಚಿನ ಪ್ರತಿಮೆ 2022ರಲ್ಲಿ ಮಂಗಳೂರಿನ ಬಾವುಟಗುಡ್ಡೆಯಲ್ಲಿ ನಿಂತಿತು. ಪ್ರತಿಮೆ ನಿಲ್ಲಿಸುವುದೂ ರಾಜಕೀಯದ ಕೆಲಸವೇ, ಅದರಲ್ಲಿ ತಪ್ಪೇನಿಲ್ಲ. ಆದರೆ ಕಡತ ಬರೆದ ಕೈ ಯಾವುದು, ಪ್ರತಿಮೆ ನಿಲ್ಲಿಸಿದ ಕೈ ಯಾವುದು ಎಂದು ಎರಡನ್ನೂ ವಿಚಾರಿಸದೆ ಇತಿಹಾಸದ ವಿದ್ಯಾರ್ಥಿ ಮುಂದೆ ಹೋಗಬಾರದು. ಪತ್ರಿಕೆ ಪಕ್ಷಪಾತಿ ಎಂದು ದೂರವಿಟ್ಟರೆ ಕೊನೆಗೆ ಉಳಿಯುವುದು ಸರ್ಕಾರದ ಕಡತ. ಅದರ ಪಕ್ಷಪಾತ ಪತ್ರಿಕೆಯದಕ್ಕಿಂತ ಹೆಚ್ಚು, ಕಣ್ಣಿಗೆ ಬೀಳುವುದು ಕಡಿಮೆ.

ಸ್ವಾತಂತ್ರ್ಯ ಹೋರಾಟದ ಕಾಲಕ್ಕೆ ಬಂದರೆ ಕರಾವಳಿಯಲ್ಲಿ ಪತ್ರಿಕೆ ಮತ್ತು ರಾಜಕೀಯ ಬೇರೆ ಬೇರೆ ಆಗಿರಲೇ ಇಲ್ಲ. ಮಂಗಳೂರಿನ ‘ಸ್ವದೇಶಾಭಿಮಾನಿ’, ಉಡುಪಿಯ ‘ನವಯುಗ’, ಕಡೆಂಗೋಡ್ಲು ಶಂಕರಭಟ್ಟರು ಸಂಪಾದಿಸುತ್ತಿದ್ದ ‘ರಾಷ್ಟ್ರಬಂಧು’ ಇವೆಲ್ಲ ಸುದ್ದಿಯ ಜೊತೆಗೆ ಚಳವಳಿಯನ್ನೂ ಹೊತ್ತು ನಡೆದವು. ಸರ್ಕಾರ ಇಂಥವರ ಮೇಲೆ ಹಿಡಿತ ಇಟ್ಟುಕೊಂಡದ್ದು ಹೆಚ್ಚಾಗಿ ದುಡ್ಡಿನ ಮೂಲಕ. 1910ರ ಪ್ರೆಸ್ ಕಾಯ್ದೆಯಂತೆ ಹೊಸದಾಗಿ ಮುದ್ರಣಾಲಯ ತೆರೆಯುವವರಿಂದ 500ರಿಂದ 2000 ರೂಪಾಯಿವರೆಗೆ ಠೇವಣಿ ಕೇಳಬಹುದಿತ್ತು, ಬರೆದದ್ದು ಹಿಡಿಸದಿದ್ದರೆ ಅದನ್ನು ಮುಟ್ಟುಗೋಲು ಹಾಕಬಹುದಿತ್ತು. ಆ ಕಾಲದ 500 ರೂಪಾಯಿ ಸಣ್ಣ ಅಚ್ಚುಕೂಟದವರಿಗೆ ಜೀವಮಾನದ ಗಂಟು. 1922ರಲ್ಲಿ ಆ ಕಾಯ್ದೆ ರದ್ದಾಯಿತು, 1931ರಲ್ಲಿ ಅದೇ ಬಗೆಯ ಇನ್ನೊಂದು ಬಂತು.

ಆ ಪತ್ರಿಕೆಗಳ ಎಷ್ಟೋ ಸಂಚಿಕೆಗಳು ಇಂದು ಸಿಗುವುದಿಲ್ಲ. ನಮ್ಮ ಮಳೆಗಾಲದ ತೇವ, ಗೆದ್ದಲು, ಅಟ್ಟ ಸ್ವಚ್ಛ ಮಾಡುವ ಉತ್ಸಾಹ ಮೂರೂ ಸೇರಿ ಮುಗಿಸಿವೆ. ಆದರೆ ದಕ್ಷಿಣ ಕನ್ನಡ ಆಗ ಮದರಾಸು ಪ್ರಾಂತದಲ್ಲಿತ್ತು. ದೇಶಭಾಷೆಗಳ ಪತ್ರಿಕೆಗಳಲ್ಲಿ ಏನು ಬರುತ್ತಿದೆ ಎಂದು ತಿಳಿಯಲು ಆ ಸರ್ಕಾರ ಅನುವಾದಕರನ್ನು ಇಟ್ಟು, ಸಾರಾಂಶ ಬರೆಸಿ, ಗೋಪ್ಯ ವರದಿಯಾಗಿ ಅಧಿಕಾರಿಗಳಿಗೆ ಹಂಚುತ್ತಿತ್ತು. ಈ ವರದಿಗಳು ಚೆನ್ನೈಯ ಎಗ್ಮೋರಿನಲ್ಲಿರುವ ತಮಿಳುನಾಡು ಪತ್ರಾಗಾರದಲ್ಲಿ ಇವೆ. ಮೂಲ ಸಂಚಿಕೆ ನಾಶವಾದ ಕಡೆ ಕರಾವಳಿಯ ಕನ್ನಡ ಪತ್ರಿಕೆ ಏನು ಬರೆದಿತ್ತು ಎಂದು ತಿಳಿಯಲು ಉಳಿದಿರುವುದು, ಅದನ್ನು ಅನುಮಾನದಿಂದ ಓದಿದ ಸರ್ಕಾರಿ ನೌಕರನ ಸಾರಾಂಶ ಮಾತ್ರ. ಅವನಿಗೆ ಬೇಕಾದದ್ದು ಸರ್ಕಾರವನ್ನು ಟೀಕಿಸಿದ ಸಾಲುಗಳು. ಅಡಿಕೆಯ ಧಾರಣೆ, ಹೆಣ್ಣುಮಕ್ಕಳ ಶಾಲೆ, ನೆರೆ ಇವನ್ನೆಲ್ಲ ಅವನು ಬಿಟ್ಟಿರುತ್ತಾನೆ. ಆ ವರದಿಗಳನ್ನೇ ನಂಬಿ ಬರೆದರೆ ನಮ್ಮ ಅಜ್ಜಂದಿರು ಬೆಳಗಿನಿಂದ ಸಂಜೆವರೆಗೆ ಬ್ರಿಟಿಷರನ್ನು ಬೈಯುವುದನ್ನು ಬಿಟ್ಟು ಬೇರೇನೂ ಮಾಡಲಿಲ್ಲ ಎಂಬ ಚಿತ್ರ ಬರುತ್ತದೆ.

ಇಷ್ಟು ಹಿನ್ನೆಲೆ ಸಾಕು, ನಿಮ್ಮ 1970ರ ದಶಕಕ್ಕೆ ಬರೋಣ. ನೀವು ಆರಿಸಿಕೊಂಡ ಕಾಲ ಬಹಳ ಒಳ್ಳೆಯದು, ಬಹಳ ಕಷ್ಟದ್ದೂ ಹೌದು. ದೇಶದ ಇತಿಹಾಸ ಒಂದು ಕಡೆಗೆ ಎಳೆದರೆ ನಿಮ್ಮ ಊರಿನ ಇತಿಹಾಸ ಇನ್ನೊಂದು ಕಡೆಗೆ ಎಳೆಯುತ್ತದೆ.

ದೇಶದ ಕಥೆ ಎಲ್ಲರಿಗೂ ಗೊತ್ತಿರುವುದೇ. 1975ರ ಜೂನ್ 25ರ ರಾತ್ರಿ ತುರ್ತು ಪರಿಸ್ಥಿತಿ ಘೋಷಣೆಯಾಯಿತು. ದೆಹಲಿಯಲ್ಲಿ ಪತ್ರಿಕಾ ಕಚೇರಿಗಳಿರುವ ರಸ್ತೆಗೆ ಕರೆಂಟ್ ತೆಗೆದರು. ಮರುದಿನದಿಂದ ಸೆನ್ಸಾರ್. ಇಂಡಿಯನ್ ಎಕ್ಸ್‌ಪ್ರೆಸ್ ಜೂನ್ 28ರಂದು ಸಂಪಾದಕೀಯದ ಜಾಗವನ್ನು ಖಾಲಿ ಬಿಟ್ಟು ಅಚ್ಚು ಹಾಕಿತು, ಆಮೇಲೆ ಖಾಲಿ ಬಿಡುವುದಕ್ಕೂ ತಡೆ ಬಂತು. 1976ರ ಆರಂಭದಲ್ಲಿ ಪ್ರೆಸ್ ಕೌನ್ಸಿಲನ್ನು ರದ್ದು ಮಾಡಿದರು, ನಾಲ್ಕು ಸುದ್ದಿಸಂಸ್ಥೆಗಳನ್ನು ಒಟ್ಟುಗೂಡಿಸಿ ‘ಸಮಾಚಾರ್’ ಎಂಬ ಒಂದೇ ಸಂಸ್ಥೆ ಮಾಡಿದರು. ಸಂಸತ್ತಿನಲ್ಲಿ ನಡೆದದ್ದನ್ನು ವರದಿ ಮಾಡಲು ಪತ್ರಿಕೆಗಳಿಗೆ 1956ರಿಂದ ಇದ್ದ ಕಾನೂನಿನ ರಕ್ಷಣೆಯೂ ಹೋಯಿತು. ಕರಾವಳಿಯಿಂದಲೂ ಅನೇಕರು ಜೈಲು ಸೇರಿದರು. ಕೋಟ ಶಿವರಾಮ ಕಾರಂತರು ಪ್ರತಿಭಟಿಸಿ ಪದ್ಮಭೂಷಣವನ್ನೇ ಹಿಂದಿರುಗಿಸಿದರು. ಮೊದಲ ಕೆಲಸವಾಗಿ ಆ ಕಾಲದ ಸಂಪುಟಗಳಲ್ಲಿ ಕಾರಂತರ ಸುದ್ದಿಯನ್ನು ಹುಡುಕಿ. ಯಾವ ಪುಟದಲ್ಲಿ, ಎಷ್ಟು ಸಾಲು, ಯಾವ ತಲೆಬರಹದಲ್ಲಿ ಬಂತು, ಅಥವಾ ಬರಲೇ ಇಲ್ಲವೇ? ಜಿಲ್ಲೆಯ ಅತಿ ದೊಡ್ಡ ಲೇಖಕರ ಇಂಥ ನಿರ್ಧಾರಕ್ಕೆ ಎಷ್ಟು ಜಾಗ ಸಿಕ್ಕಿತು ಎಂಬುದರಿಂದ ಆ ಪತ್ರಿಕೆಯ ಕೈ ಎಷ್ಟು ಕಟ್ಟಿತ್ತು ಎಂದು ಅಂದಾಜು ಮಾಡಬಹುದು.

ಇನ್ನು ಊರಿನ ಕಥೆ. 1974ರ ಮಾರ್ಚ್ 1ರಂದು ಭೂಸುಧಾರಣೆಯ ತಿದ್ದುಪಡಿ ಕಾಯ್ದೆ ಜಾರಿಗೆ ಬಂತು. ಗೇಣಿಗೆ ಕೊಟ್ಟ ಜಮೀನು ಆ ದಿನದಿಂದ ಸರ್ಕಾರದ್ದು, ಉಳುವ ಒಕ್ಕಲು ಫಾರಂ 7 ತುಂಬಿ ಅರ್ಜಿ ಕೊಟ್ಟರೆ ಅವನದು. ನಿಮ್ಮ ಊರಿನಲ್ಲಿ ಹಿರಿಯರು ಇದನ್ನು ‘ಡಿಕ್ಲರೇಶನ್ ಕೊಟ್ಟದ್ದು’ ಎನ್ನುತ್ತಾರೆ. ಘಟ್ಟದ ಮೇಲಿನವರಿಗೆ ಇದರ ತೀವ್ರತೆ ಅಷ್ಟು ಅರ್ಥವಾಗದು. ಇಲ್ಲಿ ಗದ್ದೆಯ ದೊಡ್ಡ ಪಾಲು ಚಾಲಗೇಣಿ (ವರ್ಷದಿಂದ ವರ್ಷಕ್ಕೆ ಕೊಡುವ ಗೇಣಿ), ಮೂಲಗೇಣಿಯಲ್ಲಿ (ಶಾಶ್ವತ ಗೇಣಿ) ಇತ್ತು. ವರ್ಷಕ್ಕೆ ಇಷ್ಟು ಮುಡಿ ಅಕ್ಕಿ ಎಂದು ಧನಿಗಳ ಮನೆಗೆ ಅಳೆಯಬೇಕಿತ್ತು. ಚಾಲಗೇಣಿಯವನನ್ನು ಎಬ್ಬಿಸುವುದು ಸುಲಭವಿತ್ತು. ಅರ್ಜಿಗಳನ್ನು ತೀರ್ಮಾನಿಸಲು ತಾಲ್ಲೂಕುಗಳಲ್ಲಿ ಟ್ರಿಬ್ಯೂನಲ್ ಬಂತು. ಅಸಿಸ್ಟೆಂಟ್ ಕಮಿಷನರ್ ಅಧ್ಯಕ್ಷರು, ಸರ್ಕಾರ ನೇಮಿಸಿದ ನಾಲ್ವರು ಸದಸ್ಯರು, ಅವರಲ್ಲಿ ಒಬ್ಬರಾದರೂ ಪರಿಶಿಷ್ಟ ಜಾತಿ ಅಥವಾ ಪಂಗಡದವರು. ವಕೀಲರಿಗೆ ಪ್ರವೇಶವಿರಲಿಲ್ಲ. ಧನಿಯೂ ಒಕ್ಕಲೂ ಎದುರೆದುರು ನಿಂತು ತಮ್ಮ ಬಾಯಿಂದಲೇ ಹೇಳಬೇಕಾಗಿತ್ತು. ಫಾರಂ 7 ಕೊಡುವ ಕೊನೆಯ ದಿನ ಮುಂದೆ ಹೋಗುತ್ತಾ ಹೋಗಿ 1979ರ ಜೂನ್ 30ಕ್ಕೆ ನಿಂತಿತು.

ತಾರೀಕುಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡಿ. ತುರ್ತು ಪರಿಸ್ಥಿತಿಯ ಇಪ್ಪತ್ತೊಂದು ತಿಂಗಳು ಈ ಅವಧಿಯ ಒಳಗೇ ಬರುತ್ತದೆ. ರಾಜ್ಯದಲ್ಲಿ ಎರಡನ್ನೂ ನಡೆಸಿದ್ದು ದೇವರಾಜ ಅರಸರ ಅದೇ ಸರ್ಕಾರ. ಒಂದು ಮನೆಯ ಹುಡುಗ ಕರಪತ್ರ ಹಂಚಿ ಜೈಲಿಗೆ ಹೋದ ವರ್ಷವೇ ಪಕ್ಕದ ಮನೆಯ ಒಕ್ಕಲಿಗೆ ಮೊದಲ ಸಲ ಸ್ವಂತ ಹೆಸರಿನಲ್ಲಿ ಭೂಮಿ ಬಂದಿರಬಹುದು. 1977ರ ಮಾರ್ಚ್ ಚುನಾವಣೆಯಲ್ಲಿ ಉತ್ತರ ಭಾರತದಲ್ಲಿ ಕಾಂಗ್ರೆಸ್ ನೆಲಕಚ್ಚಿದಾಗ ಕರ್ನಾಟಕದ 28 ಸ್ಥಾನಗಳಲ್ಲಿ 26 ಅದರ ಪಾಲಾದವು. ಮಂಗಳೂರಿನಿಂದ ಜನಾರ್ದನ ಪೂಜಾರಿ, ಉಡುಪಿಯಿಂದ ಟಿ.ಎ. ಪೈ ಗೆದ್ದರು. ಭೂಮಿ ಸಿಕ್ಕಿದ್ದೊಂದೇ ಅದಕ್ಕೆ ಕಾರಣ ಎಂದು ನಾನು ಹೇಳುವುದಿಲ್ಲ. ಆದರೆ ‘ತುರ್ತು ಪರಿಸ್ಥಿತಿಗೆ ದೇಶದ ಜನ ಪಾಠ ಕಲಿಸಿದರು’ ಎಂಬ ಒಂದು ಸಾಲನ್ನು ಪಠ್ಯಪುಸ್ತಕದಿಂದ ಎತ್ತಿ ನಿಮ್ಮ ಊರಿನ ಕಥೆಗೆ ಅಂಟಿಸಿದರೆ ಅದು ನಿಲ್ಲುವುದಿಲ್ಲ. ಭೂಮಿ ಸಿಕ್ಕಿತು ಎಂಬುದಕ್ಕಾಗಿ ಸೆನ್ಸಾರನ್ನು, ಜೈಲನ್ನು ಹಗುರ ಮಾಡಿ ಬರೆಯುವುದೂ ದೊಡ್ಡ ತಪ್ಪು. ಎರಡನ್ನೂ ಪೂರ್ತಿ ತೂಕದಲ್ಲಿ ಒಂದೇ ಅಧ್ಯಾಯದಲ್ಲಿ ಇಡುವ ಧೈರ್ಯ ನಿಮಗಿರಲಿ. ನಿಮ್ಮ ಪ್ರಬಂಧದಿಂದ ನಾನು ನಿರೀಕ್ಷಿಸುವುದು ಇದನ್ನೇ.

ಇಷ್ಟು ದೊಡ್ಡ ಬದಲಾವಣೆ ಪತ್ರಿಕೆಯಲ್ಲಿ ಹೇಗೆ ಕಾಣುತ್ತದೆ? ಮಂತ್ರಿಗಳು ಹಕ್ಕುಪತ್ರ ವಿತರಿಸಿದರು ಎಂಬ ಸುದ್ದಿ ಬರುತ್ತದೆ, ಇಷ್ಟು ಅರ್ಜಿ ಇತ್ಯರ್ಥ ಎಂಬ ಸರ್ಕಾರಿ ಪ್ರಕಟಣೆ ಬರುತ್ತದೆ. ಟ್ರಿಬ್ಯೂನಲ್ ಎದುರು ನಿಂತವನು ಆ ದಿನ ಏನು ಹೇಳಿದ ಎಂಬುದನ್ನು ಪತ್ರಿಕೆಯಲ್ಲಿ ಹುಡುಕಿದರೆ ಕೈಗೆ ಹತ್ತುವುದು ಅಪರೂಪ. ಅದು ತಾಲ್ಲೂಕು ಕಚೇರಿಯ ಕಡತದಲ್ಲಿದೆ. ಫಾರಂ 7ರ ಒಂದು ಹಾಳೆ ನೋಡಿದರೆ ಸಾಕು: ಅರ್ಜಿದಾರನ ಹೆಸರು, ಭೂಮಾಲಕನ ಹೆಸರು, ಸರ್ವೆ ನಂಬರ್, ವಿಸ್ತೀರ್ಣ, ಕೆಳಗೆ ಸಹಿ ಅಥವಾ ಹೆಬ್ಬೆಟ್ಟು. ಅರ್ಜಿ ಬರೆದ ಅಕ್ಷರ ಒಬ್ಬರದು, ಹೆಬ್ಬೆಟ್ಟು ಇನ್ನೊಬ್ಬರದು. ಒಂದೇ ಕೈಬರಹ ಹತ್ತಾರು ಅರ್ಜಿಗಳಲ್ಲಿ ಕಂಡರೆ, ಊರಿನಲ್ಲಿ ಇದನ್ನು ಬರೆದುಕೊಟ್ಟವರು ಯಾರು, ಮೇಷ್ಟ್ರೇ, ಸಂಘಟನೆಯವರೇ, ಪಕ್ಷದ ಕಾರ್ಯಕರ್ತರೇ ಎಂದು ಕೇಳಿ. ಹಳ್ಳಿಯ ರಾಜಕೀಯ ಅಲ್ಲಿಂದ ಬಿಚ್ಚಿಕೊಳ್ಳುತ್ತದೆ. ಅರ್ಜಿ ಕೊಡದೇ ಉಳಿದವರನ್ನೂ ಬಿಡಬೇಡಿ. ಧನಿಗಳ ಮೇಲಿನ ಗೌರವಕ್ಕೋ ಭಯಕ್ಕೋ ಸುಮ್ಮನಿದ್ದವರು ಎಲ್ಲ ಊರಲ್ಲೂ ಇದ್ದರು. ಹಾಗೆಯೇ, ಭೂಮಿ ಕಳೆದುಕೊಂಡವರೆಲ್ಲ ದೊಡ್ಡ ಧನಿಗಳಾಗಿರಲಿಲ್ಲ. ಇದ್ದ ಎರಡು ಗದ್ದೆಯನ್ನು ಗೇಣಿಗೆ ಕೊಟ್ಟು ಅದರಲ್ಲೇ ಬದುಕುತ್ತಿದ್ದ ವಿಧವೆಯರೂ ಇದ್ದರು. ಅವರ ಸಂಕಟ ಕೂಡ ಪತ್ರಿಕೆಯ ಕಣ್ಣಿಗೆ ಬೀಳದೆ ಹೋದ ಇತಿಹಾಸ.

ಹಾಗಿದ್ದರೆ ಪತ್ರಿಕೆಯಲ್ಲಿ ಏನು ನೋಡಬೇಕು? ಮೊದಲು ಕೊನೆಯ ಪುಟದ ತಳದ ಸಾಲು ನೋಡಿ. ಎಲ್ಲರೂ ಬಿಟ್ಟುಬಿಡುವ ಜಾಗ ಅದು. ಮುದ್ರಕರು, ಪ್ರಕಾಶಕರು, ಮುದ್ರಣಾಲಯದ ಹೆಸರು 1867ರ ಕಾಯ್ದೆಯಿಂದ ಕಡ್ಡಾಯವಾದದ್ದು. ಸಂಪಾದಕರ ಹೆಸರು ಸೇರಿದ್ದು 1922ರಲ್ಲಿ. ಯಾರ ಮೇಲೆ ಕೇಸು ಹಾಕಬೇಕು ಎಂದು ತಿಳಿಯಲು ಸರ್ಕಾರ ಮಾಡಿದ ನಿಯಮ, ಇಂದು ನಿಮಗೆ ಅನುಕೂಲಕ್ಕೆ ಬರುತ್ತದೆ. ಎರಡನೆಯದಾಗಿ, ಪ್ರತಿವರ್ಷ ಮಾರ್ಚ್ ಮೊದಲ ವಾರದ ಸಂಚಿಕೆಗಳನ್ನು ತೆಗೆಸಿ. 1956ರ ಪತ್ರಿಕಾ ನೋಂದಣಿ ನಿಯಮಗಳಂತೆ ಫೆಬ್ರವರಿ ಮುಗಿದ ಕೂಡಲೇ ಬರುವ ಸಂಚಿಕೆಯಲ್ಲಿ ‘ಫಾರಂ 4’ ಎಂಬ ಪುಟ್ಟ ಪ್ರಕಟಣೆ ಹಾಕಬೇಕಿತ್ತು. ಪತ್ರಿಕೆಯ ಒಡೆಯರು ಯಾರು, ಶೇಕಡಾ ಒಂದಕ್ಕಿಂತ ಹೆಚ್ಚು ಪಾಲು ಯಾರ ಹತ್ತಿರ ಇದೆ ಎಂದು ಹೆಸರು ವಿಳಾಸ ಸಮೇತ ಅದರಲ್ಲಿರುತ್ತದೆ. ನಿಮ್ಮ ಗೈಡ್ ಹೇಳುವ ‘ಒಂದಲ್ಲ ಒಂದು ಕಡೆ’ ಯಾವುದು ಎಂದು ಊಹಿಸಬೇಕಾಗಿಲ್ಲ, ಪತ್ರಿಕೆಯೇ ಅಚ್ಚು ಹಾಕಿ ಕೊಟ್ಟಿರುತ್ತದೆ.

ಒಂದು ಉದಾಹರಣೆ ಕೊಡುತ್ತೇನೆ. ‘ಉದಯವಾಣಿ’ ಮಣಿಪಾಲದಿಂದ ಹೊರಟದ್ದು 1970ರ ಜನವರಿ 1ರಂದು, ನಿಮ್ಮ ದಶಕದ ಮೊದಲ ದಿನವೇ. ಅದನ್ನು ಕಟ್ಟಿದ್ದು ಮಣಿಪಾಲದ ಪೈ ಮನೆತನ. ಅದೇ ಮನೆತನದ ಟಿ.ಎ. ಪೈ ತುರ್ತು ಪರಿಸ್ಥಿತಿಯ ಕಾಲದಲ್ಲಿ ಕೇಂದ್ರ ಸಚಿವರು. ಇದು ತಿಳಿದಿರಬೇಕು. ಆದರೆ ಇದನ್ನು ತಿಳಿದ ಕೂಡಲೇ ‘ಹಾಗಾದರೆ ಪತ್ರಿಕೆ ಹೀಗೇ ಬರೆದಿರಬೇಕು’ ಎಂದು ತೀರ್ಮಾನಿಸಿ ಬರೆದರೆ ಅದು ಸೋಮಾರಿತನ. ಸಂಪುಟ ತೆರೆದು ದಿನದಿನವೂ ನೋಡಿ, ಆಮೇಲೆ ಹೇಳಿ. ಒಂದೊಂದು ಹಳ್ಳಿಯ ಸುದ್ದಿಯನ್ನೂ ಜತನದಿಂದ ಹಾಕಿದ ಪತ್ರಿಕೆ ಅದು. ನಿಮ್ಮ ಊರಿನ ಹೆಸರು ಅಚ್ಚಿನಲ್ಲಿ ಉಳಿದಿದ್ದರೆ ಅದರಲ್ಲಿ ಉಳಿದಿರುವ ಸಾಧ್ಯತೆಯೇ ಹೆಚ್ಚು. ಮುಂದೆ 1984ರಲ್ಲಿ ವಡ್ಡರ್ಸೆ ರಘುರಾಮ ಶೆಟ್ಟರು ಓದುಗರೇ ಒಡೆಯರಾಗಿರಬೇಕು ಎಂಬ ಕನಸಿನಿಂದ ಮಂಗಳೂರಿನಲ್ಲಿ ‘ಮುಂಗಾರು’ ದಿನಪತ್ರಿಕೆ ಕಟ್ಟಿದರು. ನಿಮ್ಮ ದಶಕ ದಾಟಿದ ಪತ್ರಿಕೆಯಾದರೂ ಅದನ್ನೂ ನೋಡಿ. ಎಪ್ಪತ್ತರ ದಶಕದಲ್ಲಿ ಅಚ್ಚಿಗೆ ಬಾರದ ದನಿಗಳು ಹತ್ತು ವರ್ಷ ತಡವಾಗಿ ಅಲ್ಲಿ ಕೇಳುವುದುಂಟು. ಕ್ರೈಸ್ತರು ಹೆಚ್ಚಿರುವ ಊರಾದರೆ 1938ರಿಂದ ಬರುತ್ತಿರುವ ಕೊಂಕಣಿ ವಾರಪತ್ರಿಕೆ ‘ರಾಕ್ಣೊ’ವನ್ನು ಮರೆಯಬೇಡಿ, ಅದು ಕನ್ನಡ ಲಿಪಿಯಲ್ಲೇ ಇದೆ.

ಸೆನ್ಸಾರ್ ಕಾಲದ ಪುಟಗಳನ್ನು ಓದಲು ಒಂದು ಸರಳ ಉಪಾಯ ಉಂಟು. 1975ರ ಜೂನ್ ಮೊದಲ ಹದಿನೈದು ದಿನದ ಸಂಪಾದಕೀಯಗಳ ವಿಷಯ ಪಟ್ಟಿ ಮಾಡಿ. ಜುಲೈಯ ಹದಿನೈದು ದಿನದ್ದನ್ನೂ ಮಾಡಿ. ಎರಡನ್ನೂ ಪಕ್ಕಪಕ್ಕ ಇಡಿ. ಯಾವ ವಿಷಯ ಮಾಯವಾಯಿತು, ಅದರ ಜಾಗಕ್ಕೆ ಏನು ಬಂತು ಎಂದು ಬರೆದಿಟ್ಟುಕೊಳ್ಳಿ. ಆಮೇಲೆ 1977ರ ಏಪ್ರಿಲ್ ನಂತರದ ಸಂಪುಟಗಳಿಗೆ ಹೋಗಿ. ಅಲ್ಲಿಯವರೆಗೆ ಹೇಳಲಾಗದಿದ್ದ 1975-76ರ ಸಂಗತಿಗಳು ಆಗ ಹೊರಬಿದ್ದಿವೆ, ತುರ್ತು ಪರಿಸ್ಥಿತಿಯ ಅತಿರೇಕಗಳನ್ನು ತನಿಖೆ ಮಾಡಿದ ಷಾ ಆಯೋಗದ ವಿಚಾರಣೆಯ ವರದಿಗಳೂ ಆ ಕಾಲದವು. ಆದರೆ ಆಗ ಗಾಳಿ ಎದುರು ದಿಕ್ಕಿಗೆ ಬೀಸುತ್ತಿತ್ತು ಎಂಬುದನ್ನೂ ನೆನಪಿಡಿ. ನಿನ್ನೆವರೆಗೆ ಸುಮ್ಮನಿದ್ದವರು ಅಂದು ಜೋರಾಗಿ ಮಾತಾಡಿದ್ದಾರೆ.

ಜಾಹೀರಾತು, ಧಾರಣೆ, ಬಸ್ಸಿನ ವೇಳಾಪಟ್ಟಿ, ಯಕ್ಷಗಾನ ಮೇಳಗಳ ಕ್ಯಾಂಪ್, ಶ್ರದ್ಧಾಂಜಲಿ ಇವುಗಳ ಬಗ್ಗೆ ನನಗೆ ವಿಶೇಷ ನಂಬಿಕೆ. ಅವುಗಳನ್ನು ತಿರುಚಬೇಕು ಎಂದು ಯಾವ ಸೆನ್ಸಾರ್ ಅಧಿಕಾರಿಗೂ ತೋಚುವುದಿಲ್ಲ.

ನಿಮ್ಮ ತಾಲ್ಲೂಕಿನ ಮಟ್ಟಿಗೆ ಕುದುರೆಮುಖದ ಕಥೆಯನ್ನೂ ಸೇರಿಸಿಕೊಳ್ಳಿ. ಕುದುರೆಮುಖ ಅದಿರು ಕಂಪನಿ ಸ್ಥಾಪನೆಯಾದದ್ದು 1976ರಲ್ಲಿ, ಸೆನ್ಸಾರ್ ನಡುವೆ. ಇರಾನಿನ ದೊರೆ ಷಾ ದುಡ್ಡು ಕೊಡುತ್ತಾರೆ, ಅದಿರನ್ನು ಅವರೇ ಕೊಳ್ಳುತ್ತಾರೆ ಎಂಬ ಒಪ್ಪಂದದ ಮೇಲೆ ಯೋಜನೆ ನಿಂತಿತ್ತು. ಅದಿರಿನ ರಾಡಿಯನ್ನು ಮಂಗಳೂರಿಗೆ ಸಾಗಿಸುವ ಪೈಪು ಹಾದುಹೋದದ್ದು ನಿಮ್ಮ ಕಡೆಯಿಂದಲೇ. 1979ರಲ್ಲಿ ಇರಾನಿನಲ್ಲಿ ಕ್ರಾಂತಿಯಾಗಿ ಷಾ ಓಡಿಹೋದರು, ಒಪ್ಪಂದದಂತೆ ಆ ದೇಶ ಅದಿರು ಕೊಳ್ಳಲಿಲ್ಲ. ಟೆಹರಾನಿನ ರಾಜಕೀಯ ಕಾರ್ಕಳದ ಗದ್ದೆಯ ಬದಿಯಲ್ಲಿ ಹಾದುಹೋದ ಬಗೆಯನ್ನು ಆ ಐದು ವರ್ಷಗಳ ಪತ್ರಿಕೆಗಳು ಹೇಗೆ ಹೇಳಿದವು ಎಂಬುದೊಂದೇ ಒಂದು ಅಧ್ಯಾಯಕ್ಕೆ ಸಾಕಾಗುವಷ್ಟು ಇದೆ.

ಗಡಿಯ ಆಚೆಯ ಪತ್ರಿಕೆ ಓದುವ ಅಭ್ಯಾಸವೂ ಒಳ್ಳೆಯದು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಹೋಯಿತು. 1967ರಲ್ಲಿ ರಾಜ್ಯಗಳ ಗಡಿ ವಿವಾದ ನೋಡಲು ನೇಮಿಸಿದ್ದ ಮಹಾಜನ ಆಯೋಗ ಚಂದ್ರಗಿರಿ ಹೊಳೆಯ ಉತ್ತರದ ಭಾಗ ಇತ್ತ ಬರಬೇಕು ಎಂದಿತು, ಬರಲಿಲ್ಲ. ಕನ್ನಡ ಪತ್ರಿಕೆಯಲ್ಲಿ ಅದು ಅನ್ಯಾಯದ ಕಥೆ, ಮಲಯಾಳಂ ಪತ್ರಿಕೆಯಲ್ಲಿ ಮುಗಿದುಹೋದ ವಿಷಯ. ಎರಡನ್ನೂ ಓದದೆ ಅಲ್ಲಿನ ಇತಿಹಾಸ ಬರೆಯಲು ಹೊರಡುವುದು ನನಗೆ ಸರಿ ಕಾಣುವುದಿಲ್ಲ.

ಇದೆಲ್ಲ ಹಳೆಯ ಕಾಲದ ಮಾತು ಎಂದುಕೊಳ್ಳಬೇಡಿ. 2012ರ ಜುಲೈ 28ರಂದು ಮಂಗಳೂರಿನ ಪಡೀಲಿನಲ್ಲಿ ಹೋಂಸ್ಟೇ ಮೇಲೆ ದಾಳಿಯಾದಾಗ ಅದು ದೇಶಕ್ಕೆ ಗೊತ್ತಾದದ್ದು ಟೀವಿ ದೃಶ್ಯಗಳಿಂದ. ವರದಿ ಮಾಡಿದ ಪತ್ರಕರ್ತರನ್ನೇ ಆರೋಪಿಯಾಗಿ ಸೇರಿಸಿ ನವೆಂಬರ್‌ನಲ್ಲಿ ಬಂಧಿಸಿದರು. ಅವರು ಜಾಮೀನಿನ ಮೇಲೆ ಹೊರಬರಲು ಮಾರ್ಚ್ ಆಯಿತು, ಆಮೇಲೆ ಸರ್ಕಾರ ಅವರ ಮೇಲಿನ ಮೊಕದ್ದಮೆಯನ್ನು ಕೈಬಿಟ್ಟಿತು. ಐವತ್ತು ವರ್ಷ ಕಳೆದ ಮೇಲೆ ನಿಮ್ಮಂಥ ವಿದ್ಯಾರ್ಥಿನಿಯೊಬ್ಬಳು ಅಂದಿನ ಎಫ್‌ಐಆರ್ ಒಂದನ್ನೇ ಓದಿದರೆ ಒಂದು ಕಥೆ ಸಿಗುತ್ತದೆ, ದೃಶ್ಯ ನೋಡಿದರೆ ಇನ್ನೊಂದು, ಆ ದಿನಗಳ ವಾಟ್ಸ್‌ಆ್ಯಪ್ ಸಂದೇಶ ಸಿಕ್ಕಿದರೆ ಮೋಗ್ಲಿಂಗರು ಹೆದರಿದ್ದ ಕಟ್ಟೆಯ ಸುದ್ದಿ. ಅಚ್ಚಾದ ಪತ್ರಿಕೆಯಾದರೂ ಎಲ್ಲೋ ಒಂದು ಕಪಾಟಿನಲ್ಲಿ ಉಳಿಯುತ್ತದೆ. ಜಾಲತಾಣದಲ್ಲಿ ಬದಲಾಯಿಸಿದ ತಲೆಬರಹ, ಅಳಿಸಿದ ವಿಡಿಯೋ ಉಳಿಯುವುದಿಲ್ಲ. ನನಗೆ ಈಗ ನಿಜವಾಗಿ ಭಯ ಹುಟ್ಟಿಸುವುದು ಇದು. ನಿಮ್ಮ ಊರಿನ ಇಂದಿನ ಸುದ್ದಿಗಳ ಕತ್ತರಿಕೆಯನ್ನು ತಾರೀಕು, ಪುಟಸಂಖ್ಯೆ ಸಮೇತ ನೀವೇ ಇಟ್ಟುಕೊಳ್ಳಲು ಶುರು ಮಾಡಿದರೆ ಬಹಳ ಉಪಕಾರ.

ಕೆಲಸದ ಕ್ರಮ ಹೇಳಿ ನಿಲ್ಲಿಸುತ್ತೇನೆ. ಮೊದಲು ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿಗೆ ನಿಮ್ಮ ಗ್ರಾಮದ ಟ್ರಿಬ್ಯೂನಲ್ ಕಡತಗಳಿಗಾಗಿ ಅರ್ಜಿ ಕೊಡಿ, ಬೇಕಾದರೆ ಮಾಹಿತಿ ಹಕ್ಕಿನಡಿ. ಉಡುಪಿ ಜಿಲ್ಲೆ ಹುಟ್ಟಿದ್ದೇ 1997ರಲ್ಲಿ, ಆದ್ದರಿಂದ ಜಿಲ್ಲಾ ಮಟ್ಟದ ಹಳೆಯ ಕಾಗದಪತ್ರಗಳಿಗೆ ಮಂಗಳೂರಿನಲ್ಲಿ ವಿಚಾರಿಸಬೇಕಾದೀತು. ಕಡತ ಸಿಗಲು ತಡವಾಗುತ್ತದೆ. ಆ ಬಿಡುವಿನಲ್ಲಿ 1973ರ ದಕ್ಷಿಣ ಕನ್ನಡ ಜಿಲ್ಲಾ ಗೆಜೆಟಿಯರ್ ಓದಿ, ಕಾಯ್ದೆ ಬರುವ ಮುಂಚಿನ ಸ್ಥಿತಿ ಅದರಲ್ಲಿದೆ. ಉಡುಪಿ ಎಂ.ಜಿ.ಎಂ. ಕಾಲೇಜಿನ ರಾಷ್ಟ್ರಕವಿ ಗೋವಿಂದ ಪೈ ಸಂಶೋಧನ ಕೇಂದ್ರ, ಮಂಗಳೂರು ಬಲ್ಮಠದ ಕರ್ನಾಟಕ ಥಿಯಲಾಜಿಕಲ್ ಕಾಲೇಜಿನ ಪತ್ರಾಗಾರ ಎರಡಕ್ಕೂ ಮೊದಲೇ ಪತ್ರ ಬರೆದು, ಬೇಕಾದ ವರ್ಷಗಳನ್ನು ತಿಳಿಸಿ ಹೋಗಿ. ಹಳೆಯ ಪುಟದ ಫೋಟೋ ತೆಗೆಯುವಾಗ ಸುದ್ದಿಯನ್ನಷ್ಟೇ ತೆಗೆಯಬೇಡಿ, ಇಡೀ ಪುಟ ತೆಗೆಯಿರಿ. ಪಕ್ಕದಲ್ಲಿ ಏನಿತ್ತು ಎಂಬುದು ಆಮೇಲೆ ಬೇಕಾಗುತ್ತದೆ.

ನಂತರ ಆ ಫೋಟೋಗಳನ್ನು ತಂದೆಯವರ ಮುಂದಿಟ್ಟು, ಮನೆಯಲ್ಲಿ ತುಳುವಿನಲ್ಲಿ ಮಾತಾಡುವುದಾದರೆ ತುಳುವಿನಲ್ಲೇ ಮಾತಾಡಿಸಿ, ರೆಕಾರ್ಡ್ ಮಾಡಿಕೊಳ್ಳಿ. ‘ಪೇಪರಿನಲ್ಲಿ ಬಂದಿತ್ತು’ ಎನ್ನುವವರ ಎದುರು ಪೇಪರನ್ನೇ ಇಟ್ಟರೆ, ಅದರಲ್ಲಿ ಬಾರದೇ ಹೋದದ್ದನ್ನು ಅವರೇ ಹೇಳಲು ಶುರುಮಾಡುತ್ತಾರೆ. ಅಕ್ಕಪಕ್ಕದ ಎರಡು ಮನೆಗಳಲ್ಲೂ, ಅದರಲ್ಲೂ ಭೂಮಿ ಕಳೆದುಕೊಂಡ ಒಂದು ಮನೆಯಲ್ಲಿ, ಇದೇ ಫೋಟೋಗಳನ್ನು ತೋರಿಸಿ ಕೇಳಿ. ಟ್ರಿಬ್ಯೂನಲ್ ಎದುರು ನಿಂತ ತಲೆಮಾರಿನವರಿಗೆ ಈಗ ಎಂಬತ್ತು ದಾಟಿದೆ, ಹಾಗಾಗಿ ಈ ಭಾಗವನ್ನು ಮುಂದಿನ ಸೆಮಿಸ್ಟರಿಗೆ ಇಟ್ಟುಕೊಳ್ಳಬೇಡಿ.